ಪಶ್ಚಾತ್ತಾಪವೂ ಕರ್ಮಫಲವೂ: ಕುವೆಂಪು ಸಾಹಿತ್ಯದ ಒಂದು ವಿವೇಚನೆ

ಮೈಸೂರಿನ ಒಂಟಿಕೊಪ್ಪಲಿನಲ್ಲಿರುವ ‘ಉದಯರವಿ’ ಕನ್ನಡಿಗರಿಗೆ ಚಿರಪರಿಚಿತವಾದ ಮನೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು, ಅಂದರೆ ಕುವೆಂಪು ಅವರು, ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದದ್ದು ತೀರ್ಥಹಳ್ಳಿಯ ಸಮೀಪದ ಕುಪ್ಪಳಿಯಲ್ಲಿ. ಆದರೆ ಅವರು ಓದಿದ್ದು, ಓದಿಸಿದ್ದು, ಬರೆದದ್ದು, ಕಡೆಗೆ 1994ರ ನವೆಂಬರ್ 11ರಂದು ದೇಹ ಬಿಟ್ಟದ್ದು ಮೈಸೂರಿನಲ್ಲಿ. ವೆಸ್ಲಿಯನ್ ಮಿಷನ್ ಹೈಸ್ಕೂಲು, ಮಹಾರಾಜಾ ಕಾಲೇಜು, ಶ್ರೀರಾಮಕೃಷ್ಣಾಶ್ರಮ, ಮಾನಸಗಂಗೋತ್ರಿ – ಅವರ ಜೀವನದ ಘಟ್ಟಗಳನ್ನು ಈ ನಗರದ ಬೀದಿಗಳಲ್ಲಿಯೇ ಗುರುತಿಸಬಹುದು. 1929ರಲ್ಲಿ ಕನ್ನಡ ಎಂ.ಎ. ಪದವಿ ಪಡೆದು ಅದೇ ವರ್ಷ ಅಧ್ಯಾಪಕರಾದವರು, 1955ರಲ್ಲಿ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರಾದರು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯಕ್ಕೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ, 1967ರ ಜ್ಞಾನಪೀಠ ಪ್ರಶಸ್ತಿಯೂ ಬಂದವು. ಕನ್ನಡಕ್ಕೆ ಬಂದ ಮೊದಲ ಜ್ಞಾನಪೀಠ ಅದು.

ಇಷ್ಟು ಸಂಗತಿಗಳನ್ನು ಶಾಲೆಯ ಮಕ್ಕಳೂ ಬಲ್ಲರು. ಜೈನ ಓದುಗನ ಮುಂದಿರುವ ಪ್ರಶ್ನೆ ಬೇರೆ. ಕವಿಯಾಗಿ, ಕಾದಂಬರಿಕಾರರಾಗಿ ಕುವೆಂಪು ಅವರು ಕಟ್ಟಿಕೊಟ್ಟ ಪ್ರಪಂಚವನ್ನು ಅಹಿಂಸಾಧರ್ಮದ ಹಿನ್ನೆಲೆಯಿಂದ ಹೇಗೆ ಓದಬೇಕು? ಈ ಪ್ರಶ್ನೆಗೆ ಸಮಾಜದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. ಮೊದಲನೆಯದು ಸಂಕೋಚದ ಉತ್ತರ: ‘ಕಾನೂರು ಹೆಗ್ಗಡಿತಿ’, ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಗಳಲ್ಲಿ ಬೇಟೆ, ಕಳ್ಳು, ಮಾಂಸದಡುಗೆ ಹೆಜ್ಜೆ ಹೆಜ್ಜೆಗೂ ಬರುವುದರಿಂದ ಅವು ಮನೆಯ ಮಕ್ಕಳ ಕೈಗೆ ಕೊಡತಕ್ಕ ಪುಸ್ತಕಗಳಲ್ಲ ಎಂಬುದು. ಎರಡನೆಯದು ಅಭಿಮಾನದ ಉತ್ತರ: ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದ ರಾವಣ ನಾಗಚಂದ್ರನ ರಾವಣನೇ, ಆದ್ದರಿಂದ ಕುವೆಂಪು ನಮ್ಮವರೇ ಎಂಬುದು. ಎರಡೂ ಉತ್ತರಗಳು ಕೃತಿಗಳನ್ನು ಪೂರ್ತಿಯಾಗಿ ಓದುವ ಶ್ರಮವನ್ನು ತಪ್ಪಿಸುತ್ತವೆ. ಸಂಕೋಚವು ಪುಸ್ತಕವನ್ನು ತೆರೆಯಗೊಡುವುದಿಲ್ಲ. ಅಭಿಮಾನವು ತೆರೆದ ಪುಸ್ತಕದಲ್ಲಿ ತನ್ನ ಮುಖವನ್ನು ಮಾತ್ರ ನೋಡಿಕೊಳ್ಳುತ್ತದೆ.

ಹಿಂಸೆಯ ಚಿತ್ರಣ, ಹಿಂಸೆಯ ಅನುಮೋದನೆ

ಮೊದಲು ಸಂಕೋಚವನ್ನು ಪರಿಶೀಲಿಸಬಹುದು. ಹಿಂಸೆಯನ್ನು ವರ್ಣಿಸಿದ ಮಾತ್ರಕ್ಕೆ ಕೃತಿಯೊಂದು ಹಿಂಸೆಯನ್ನು ಅನುಮೋದಿಸಿದಂತೆ ಆಗುವುದಾದರೆ ಜೈನರು ಮೊಟ್ಟಮೊದಲು ದೂರ ಇಡಬೇಕಾದದ್ದು ಜನ್ನನ ‘ಯಶೋಧರ ಚರಿತೆ’ಯನ್ನು. 1209ರಲ್ಲಿ ರಚಿತವಾದ ಆ ಕಾವ್ಯ ತೆರೆಯುವುದೇ ಚಂಡಮಾರಿಯ ಗುಡಿಯಲ್ಲಿ. ಬಲಿಗೆಂದು ಎಳೆತಂದ ಪ್ರಾಣಿಗಳ ಆರ್ತನಾದದ ನಡುವೆ ಅಭಯರುಚಿ, ಅಭಯಮತಿ ಎಂಬ ಇಬ್ಬರು ಎಳೆಯರು ತಮ್ಮ ಭವಾವಳಿಯನ್ನು ಮಾರಿದತ್ತ ರಾಜನಿಗೆ ಹೇಳುತ್ತಾರೆ. ತಾಯಿಯ ಒತ್ತಾಯಕ್ಕೆ ಮಣಿದು ಯಶೋಧರ ಬಲಿಕೊಟ್ಟದ್ದು ಜೀವವಿದ್ದ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪ ಮನಸ್ಸಿನಲ್ಲಿ ಮೂಡಿದ್ದರಿಂದ ತಾಯಿ–ಮಗ ಇಬ್ಬರೂ ನವಿಲಾಗಿ, ನಾಯಾಗಿ, ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ. ಹಿಂದಿನ ಜನ್ಮದ ತಾಯಿಯಾದ ನಾಯಿಯೇ ಮಗನಾಗಿದ್ದ ನವಿಲನ್ನು ಕೊಲ್ಲುವ ಪ್ರಸಂಗವೂ ಅಲ್ಲಿ ಬರುತ್ತದೆ. ಇಷ್ಟೊಂದು ರಕ್ತವಿರುವ ಕಾವ್ಯವನ್ನು ಬಸದಿಗಳಲ್ಲಿ ವಾಚಿಸಿ ವ್ಯಾಖ್ಯಾನಿಸುವುದು ಏತಕ್ಕೆ? ಹಿಂಸೆ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಅದು ತೋರಿಸುತ್ತದೆ ಎಂಬ ಕಾರಣಕ್ಕೆ. ಹಿಂಸೆಯ ಬೇರು ಪ್ರಮಾದದಲ್ಲಿ, ರಾಗದ್ವೇಷಗಳಲ್ಲಿ ಇದೆ ಎಂಬುದು ತತ್ತ್ವಾರ್ಥಸೂತ್ರದಿಂದ ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯದವರೆಗೆ ಶಾಸ್ತ್ರಗಳು ಒಪ್ಪಿದ ಮಾತು. ದ್ರವ್ಯಹಿಂಸೆಯ ಹಿಂದಿರುವ ಭಾವಹಿಂಸೆಯನ್ನು ಕಾಣಿಸುವ ಕೃತಿಯು ಧರ್ಮಕ್ಕೆ ಹೊರತಾಗಲಾರದು.

ಈ ಒರೆಗಲ್ಲಿಗೆ ಕುವೆಂಪು ಅವರ ಗದ್ಯವನ್ನು ಹಚ್ಚಿ ನೋಡಿದರೆ ಮಿಶ್ರ ಫಲ ದೊರೆಯುತ್ತದೆ. 1933ರಲ್ಲಿ ಬಂದ ‘ಮಲೆನಾಡಿನ ಚಿತ್ರಗಳು’ ಸಂಕಲನದ ಬೇಟೆಯ ಪ್ರಸಂಗಗಳಲ್ಲಿ ಹುಡುಗುತನದ ಉತ್ಸಾಹವೇ ಮುಂದು. ಕೋವಿಯ ಗುರಿ ತಾಗಿದ ಪ್ರಾಣಿಯ ನೋವು ಅಲ್ಲಿ ಹಿಂದಾಗುತ್ತದೆ. ಇದನ್ನು ಮರೆಮಾಚಬೇಕಾಗಿಲ್ಲ. 1936ರ ‘ಕಾನೂರು ಹೆಗ್ಗಡಿತಿ’ಯಲ್ಲಿಯೂ ಬೇಟೆಯ ವಿಸ್ತಾರವಾದ ವರ್ಣನೆಗಳಿವೆ. ಆದರೆ ಆ ಕಾದಂಬರಿಯಲ್ಲಿ ಬೇಟೆಯ ಹಳುವಿಗಿಂತ ಭಯಾನಕವಾದದ್ದು ಚಂದ್ರಯ್ಯಗೌಡರ ಮನೆಯ ಒಳಗಣ ಹಿಂಸೆ. ಸಂಶಯ, ಹೊಡೆತ, ಆಸ್ತಿಯ ಪಾಲಿನ ಜಗಳ, ಆಳುಗಳ ಮೇಲಿನ ದರ್ಪ, ಭೂತದ ಹರಕೆಗಳ ಹಿಂದೆ ಅಡಗಿದ ಭಯ – ಇವುಗಳಲ್ಲಿ ಪ್ರಾಣಿಯ ರಕ್ತ ಹರಿಯದಿದ್ದರೂ ಕ್ರೋಧ, ಮಾನ, ಮಾಯಾ, ಲೋಭಗಳೆಂಬ ನಾಲ್ಕು ಕಷಾಯಗಳೂ ಪೂರ್ಣಪ್ರಮಾಣದಲ್ಲಿ ಕೆಲಸಮಾಡುತ್ತವೆ. ಮಾಂಸವನ್ನು ಮುಟ್ಟದ ಮನೆಗಳಲ್ಲಿಯೂ ಇಂಥ ಹಿಂಸೆ ನಡೆಯಬಲ್ಲದು ಎಂಬುದನ್ನು ನೆನೆದರೆ, ಆ ಪುಟಗಳನ್ನು ಓದುವ ಜೈನ ಗೃಹಸ್ಥನು ಮಲೆನಾಡಿನ ಗೌಡನ ಮೇಲೆ ತೀರ್ಪು ಕೊಡುವ ಮೊದಲು ಒಂದು ಕ್ಷಣ ತಡೆಯುತ್ತಾನೆ.

ಮೂವತ್ತೊಂದು ವರ್ಷಗಳ ಅನಂತರ, 1967ರಲ್ಲಿ ಬಂದ ‘ಮಲೆಗಳಲ್ಲಿ ಮದುಮಗಳು’ ಕೃತಿಯಲ್ಲಿ ದೃಷ್ಟಿ ಇನ್ನೂ ಮಾಗಿದೆ. ಇಲ್ಲಿ ಯಾವ ಜೀವವೂ ಮುಖ್ಯವಲ್ಲ, ಯಾವ ಜೀವವೂ ಅಮುಖ್ಯವಲ್ಲ ಎಂಬ ಭಾವವನ್ನು ಲೇಖಕರು ಕಾದಂಬರಿಯ ಬಾಗಿಲಲ್ಲಿಯೇ ಸೂಚಿಸುತ್ತಾರೆ. ಆ ಮಾತನ್ನು ಅವರು ನಡೆಸಿಕೊಡುವುದು ನಾಯಿಯೊಂದರ ಮೂಲಕ. ಜೀತದಾಳು ಗುತ್ತಿಯೂ ಅವನ ಹುಲಿಯ ಎಂಬ ನಾಯಿಯೂ ಕಥೆಯ ಮೊದಲಲ್ಲಿ ಕಾಣಿಸಿಕೊಂಡು ಕೊನೆಯವರೆಗೂ ಜೊತೆಯಾಗಿ ಸಾಗುತ್ತಾರೆ. ಗುತ್ತಿ, ತಿಮ್ಮಿಯರು ಬಿಡುಗಡೆಯ ಕಡೆಗೆ ಓಡುವಾಗ ತುಂಬಿ ಹರಿಯುವ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುತ್ತದೆ. ಆ ಸಾವಿಗೆ ಕಾದಂಬರಿಕಾರರು ಕೊಟ್ಟಿರುವ ಗೌರವವನ್ನು ಮನುಷ್ಯರ ಸಾವಿಗೂ ಎಲ್ಲ ಕಾದಂಬರಿಗಳೂ ಕೊಡುವುದಿಲ್ಲ. ತಿರ್ಯಂಚ ಪಂಚೇಂದ್ರಿಯ ಜೀವವೊಂದು ಕಥೆಯ ಅಲಂಕಾರವಾಗಿ ಉಳಿಯದೆ, ಸುಖದುಃಖಗಳನ್ನುಳ್ಳ ಜೀವವಾಗಿಯೇ ಎದ್ದುಬರುವುದು ಆಧುನಿಕ ಕನ್ನಡ ಗದ್ಯದಲ್ಲಿ ಅಪರೂಪ. ಬೇಟೆಯ ಉತ್ಸಾಹದಿಂದ ಹೊರಟ ಲೇಖನಿ ಹುಲಿಯನ ಸಾವಿನವರೆಗೆ ನಡೆದು ಬಂದ ದಾರಿಯನ್ನು ಶಾಸ್ತ್ರದ ಭಾಷೆಯಲ್ಲಿ ಅನುಕಂಪೆಯ ಬೆಳವಣಿಗೆ ಎನ್ನಬಹುದು.

ನಾಗಚಂದ್ರನ ರಾವಣ

ಇನ್ನು ಅಭಿಮಾನದ ಉತ್ತರ. ಇದಕ್ಕೆ ಆಧಾರ ಇಲ್ಲದಿಲ್ಲ. ಕುವೆಂಪು ಅವರು ವಿದ್ಯಾರ್ಥಿಯಾಗಿದ್ದ ಕಾಲದ ಮೈಸೂರು ಹಳಗನ್ನಡ ಜೈನಕಾವ್ಯಗಳ ಪುನರುಜ್ಜೀವನದ ಕೇಂದ್ರವಾಗಿತ್ತು. ಬಿ. ಎಲ್. ರೈಸ್ ಅವರು ಪಂಪಭಾರತವನ್ನು 1898ರಲ್ಲಿ ಅಚ್ಚು ಹಾಕಿಸಿದ್ದರು. ‘ಕರ್ಣಾಟಕ ಕಾವ್ಯಕಲಾನಿಧಿ’ ಮಾಲೆಯು ಓಲೆಗರಿಗಳಲ್ಲಿದ್ದ ಅನೇಕ ಗ್ರಂಥಗಳನ್ನು ಓದುಗರ ಕೈಗೆ ತಂದಿತ್ತು. ಟಿ. ಎಸ್. ವೆಂಕಣ್ಣಯ್ಯನವರಂಥ ಗುರುಗಳ ಬಳಿ ಕುವೆಂಪು ಹಳಗನ್ನಡವನ್ನು ಅಭ್ಯಾಸಮಾಡಿದರು. ತಮ್ಮ ಮಹಾಕಾವ್ಯವನ್ನು ಆ ಗುರುವಿಗೇ ಅರ್ಪಿಸಿದರು. ಕಾವ್ಯಾರಂಭದ ಕವಿವಂದನೆಯಲ್ಲಿ ಹೋಮರ್, ಡಾಂಟೆ, ಮಿಲ್ಟನ್ನರ ಜೊತೆಗೆ ಪಂಪನಿಗೂ ನಮನವಿದೆ. ವಾಲ್ಮೀಕಿಯ ಶೂರ್ಪನಖಿಯನ್ನು ಈ ಕಾವ್ಯ ಚಂದ್ರನಖಿ ಎಂದು ಕರೆಯುತ್ತದೆ. ಅದು ವಿಮಲಸೂರಿಯ ‘ಪಉಮಚರಿಯ’ದಿಂದ ಹರಿದುಬಂದ ಜೈನ ರಾಮಕಥೆಯ ಹೆಸರು. ಒಂದು ಹೆಸರಿನ ಬದಲಾವಣೆ ಚಿಕ್ಕದಾಗಿ ಕಾಣಬಹುದು. ಆದರೆ ಮೊರದಂಥ ಉಗುರಿನವಳು ಚಂದ್ರನಂಥ ಉಗುರಿನವಳಾದಾಗ, ಪಾತ್ರವನ್ನು ಹೆಸರಿನಲ್ಲಿಯೇ ವಿಕಾರಗೊಳಿಸುವ ಅಭ್ಯಾಸಕ್ಕೆ ತಡೆ ಬೀಳುತ್ತದೆ.

ರಾವಣನ ವಿಷಯದಲ್ಲಿ ಸಾಮ್ಯ ಇನ್ನೂ ಆಳವಾದದ್ದು. 1100ರ ಆಸುಪಾಸಿನ ನಾಗಚಂದ್ರನು ‘ರಾಮಚಂದ್ರಚರಿತ ಪುರಾಣ’ದಲ್ಲಿ ಚಿತ್ರಿಸಿದ ರಾವಣ ಹತ್ತು ತಲೆಯ ರಾಕ್ಷಸನಲ್ಲ, ವಿದ್ಯಾಧರ ಚಕ್ರೇಶ್ವರ, ತ್ರಿಷಷ್ಟಿಶಲಾಕಾಪುರುಷರಲ್ಲಿ ಒಬ್ಬನಾದ ಪ್ರತಿವಾಸುದೇವ. ಎಲ್ಲಕ್ಕಿಂತ ಮಿಗಿಲಾಗಿ, ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂದು ವ್ರತ ತೊಟ್ಟವನು. ಉಪರಂಭೆ ತಾನಾಗಿ ಒಲಿದು ಬಂದಾಗ ಅವಳನ್ನು ಅವಳ ಪತಿಯೊಡನೆ ಸೇರಿಸಿದವನು. ಅಂಥವನು ಸೀತೆಯನ್ನು ಕಂಡು ಜಾರುತ್ತಾನೆ. ವ್ರತ ತೊಡದವನು ಬೀಳುವುದರಲ್ಲಿ ವಿಶೇಷವಿಲ್ಲ. ವ್ರತಿಯೇ ಬಿದ್ದಾಗ ಅದು ಎಲ್ಲ ವ್ರತಿಗಳಿಗೂ ಎಚ್ಚರಿಕೆಯಾಗುತ್ತದೆ. ಟಿ. ಎನ್. ಶ್ರೀಕಂಠಯ್ಯನವರು ಈ ರಾವಣನಲ್ಲಿ ದುರಂತನಾಯಕನನ್ನು ಗುರುತಿಸಿ ಬರೆದ ಮೇಲೆ ಕನ್ನಡ ವಿಮರ್ಶೆ ನಾಗಚಂದ್ರನನ್ನು ಹೊಸ ಕಣ್ಣಿನಿಂದ ನೋಡತೊಡಗಿತು.

ರಾವಣನ ಮನಸ್ಸು ತಿರುಗುವ ಸಂದರ್ಭವನ್ನು ಗಮನಿಸಬೇಕು. ಲಂಕೆಯ ಶಾಂತಿನಾಥ ಜಿನಾಲಯದಲ್ಲಿ ಕುಳಿತು ಅವನು ಬಹುರೂಪಿಣೀ ವಿದ್ಯೆಯನ್ನು ಸಾಧಿಸುತ್ತಾನೆ. ಶತ್ರುಪಕ್ಷದವರು ಬಂದು ಎಷ್ಟು ವಿಘ್ನ ಮಾಡಿದರೂ ಅವನ ಏಕಾಗ್ರತೆ ಕದಲುವುದಿಲ್ಲ. ವಿದ್ಯೆ ಸಿದ್ಧಿಸುತ್ತದೆ. ಆದರೆ ಮನಸ್ಸು ಮಾತ್ರ ಹಾಗೆಯೇ ಇರುತ್ತದೆ. ಹೊಸ ಬಲದ ಗರ್ವದಿಂದ ಅವನು ನೇರವಾಗಿ ಸೀತೆಯ ಬಳಿಗೆ ಹೋಗುತ್ತಾನೆ. ರಾಮಲಕ್ಷ್ಮಣರ ಪ್ರಾಣಕ್ಕಾಗಿ ಕಳವಳಿಸಿ ಸೀತೆ ಮೂರ್ಛೆಹೋದುದನ್ನು ಕಂಡಾಗ ಅವನ ಮೋಹ ಇಳಿಯುತ್ತದೆ. ಜಿನಾಲಯದೊಳಗಿನ ಕಠಿಣ ಸಾಧನೆಯಿಂದ ಆಗದ ಕೆಲಸ, ಇನ್ನೊಂದು ಜೀವದ ನೋವನ್ನು ಕಣ್ಣಾರೆ ಕಂಡಾಗ ಆಯಿತು. ಪೂಜೆ, ಪಾರಾಯಣ, ವಿಧಾನಗಳ ವ್ಯವಸ್ಥೆಯನ್ನು ಹೊತ್ತವರು ಈ ಸಂದರ್ಭವನ್ನು ಮತ್ತೆ ಮತ್ತೆ ಓದಬೇಕು. ಕ್ರಿಯೆಯ ಶುದ್ಧಿಯಿಂದ ಭಾವದ ಶುದ್ಧಿ ತಾನಾಗಿ ಬಂದುಬಿಡುವುದಿಲ್ಲ ಎಂದು ನಾಗಚಂದ್ರನು ಜಿನಾಲಯವನ್ನೇ ಸಾಕ್ಷಿಯಾಗಿಟ್ಟು ಹೇಳುತ್ತಿದ್ದಾನೆ.

ಆದರೂ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸೀತೆಯನ್ನು ಒಪ್ಪಿಸಬೇಕೆಂದು ನಿಶ್ಚಯಿಸಿದ ರಾವಣ, ಈಗಲೇ ಒಪ್ಪಿಸಿದರೆ ಲೋಕ ತನ್ನನ್ನು ಅಂಜುಬುರುಕನೆಂದೀತು ಎಂದು ಯೋಚಿಸುತ್ತಾನೆ. ರಣದಲ್ಲಿ ರಾಮಲಕ್ಷ್ಮಣರನ್ನು ಗೆದ್ದು ಸೆರೆಹಿಡಿದು, ಆಮೇಲೆ ಉದಾರನಾಗಿ ಹಿಂತಿರುಗಿಸುವೆನೆಂದು ಮತ್ತೆ ಯುದ್ಧಕ್ಕೆ ಹೊರಡುತ್ತಾನೆ. ಕಾಮ ಅಳಿದರೂ ಮಾನ ಉಳಿಯಿತು. ಲಕ್ಷ್ಮಣನ ಕೈಯಲ್ಲಿ ಅವನನ್ನು ಕೊಲ್ಲಿಸಿದ್ದು ಆ ಉಳಿದ ಮಾನಕಷಾಯ.

ಕುವೆಂಪು ಅವರ ರಾವಣ

1936ರಿಂದ 1946ರವರೆಗೆ ರಚಿತವಾಗಿ 1949ರಲ್ಲಿ ಪ್ರಕಟವಾದ ‘ಶ್ರೀ ರಾಮಾಯಣ ದರ್ಶನಂ’ ನಾಲ್ಕು ಸಂಪುಟಗಳ, 22,000ಕ್ಕೂ ಹೆಚ್ಚು ಸಾಲುಗಳ ಕೃತಿ. ಅದರಲ್ಲಿಯೂ ರಾವಣ ಬದಲಾಗುತ್ತಾನೆ. ಬದಲಾದ ಮೇಲೆಯೂ, ರಾಮನನ್ನು ಗೆದ್ದು ತಂದು ಸೀತೆಗೆ ಒಪ್ಪಿಸುವೆನೆಂಬ ಹಟದಿಂದ ಯುದ್ಧಕ್ಕೆ ಹೋಗುತ್ತಾನೆ. ಇಷ್ಟರಮಟ್ಟಿಗೆ ನಾಗಚಂದ್ರನ ದಾರಿ ಸ್ಪಷ್ಟ. ಆದರೆ ಪರಿವರ್ತನೆಯ ಬಗೆ ಬೇರೆ. ಕುವೆಂಪು ಅವರ ರಾವಣನಿಗೆ ಒಂದು ಕನಸು ಬೀಳುತ್ತದೆ. ಆ ಕನಸಿನಲ್ಲಿ ತಾನೂ ಕುಂಭಕರ್ಣನೂ ಸೀತೆಯ ಮಡಿಲ ಮಕ್ಕಳಾಗಿ ಹುಟ್ಟಿದುದನ್ನು ಅವನು ಕಾಣುತ್ತಾನೆ. ಎಚ್ಚರಗೊಂಡವನಿಗೆ ಸೀತೆ ತಾಯಿ. ಕಾಮಿಸಿದವಳನ್ನು ತಾಯಿಯಾಗಿ ಕಾಣುವ ಈ ತಿರುವು ಕನ್ನಡ ಕಾವ್ಯದ ಅತ್ಯುನ್ನತ ಕಲ್ಪನೆಗಳಲ್ಲಿ ಒಂದು. ಇದರ ಹಿಂದೆ ರಾಮಕೃಷ್ಣ–ವಿವೇಕಾನಂದರ ಪರಂಪರೆಯಿಂದ ಬಂದ ಮಾತೃಭಾವನೆಯೂ, ಅರವಿಂದರ ಪೂರ್ಣದೃಷ್ಟಿಯೂ ಇವೆ. ಆಶ್ರಮದಲ್ಲಿ ವರ್ಷಗಟ್ಟಲೆ ಬಾಳಿದ ಕವಿಗೆ ಅದು ಸಹಜವೂ ಹೌದು.

ಇಲ್ಲಿಯೇ ಜೈನ ಓದುಗನು ಅಭಿಮಾನವನ್ನು ಬದಿಗಿಟ್ಟು ಭೇದವನ್ನು ಗುರುತಿಸಬೇಕು. ಕುವೆಂಪು ಅವರ ಜಗತ್ತಿನಲ್ಲಿ ಮೇಲಿನಿಂದ ಇಳಿಯುವ ಕೃಪೆಗೆ ಸ್ಥಾನವಿದೆ. ಸೀತೆಯ ತಪಸ್ಸಿನ ಶಕ್ತಿ ರಾವಣನ ಅಂತರಂಗವನ್ನು ಮುಟ್ಟಬಲ್ಲದು, ಪಾಪಿಯನ್ನು ಎತ್ತಿಕೊಳ್ಳಬಲ್ಲದು. ಜೈನದರ್ಶನದಲ್ಲಿ ಒಬ್ಬರ ಕರ್ಮವನ್ನು ಮತ್ತೊಬ್ಬರು ಕ್ಷಯಮಾಡಲಾರರು. ಪದ್ಮಪುರಾಣದ ಕೊನೆಯ ಭಾಗದಲ್ಲಿ ಈ ತತ್ತ್ವವನ್ನು ಮನಮುಟ್ಟುವಂತೆ ಹೇಳುವ ಪ್ರಸಂಗವೊಂದಿದೆ. ಅಚ್ಯುತಸ್ವರ್ಗದಲ್ಲಿ ಪ್ರತೀಂದ್ರನಾಗಿ ಹುಟ್ಟಿದ ಸೀತೆಯ ಜೀವ, ನರಕದಲ್ಲಿ ನರಳುವ ರಾವಣ, ಲಕ್ಷ್ಮಣರನ್ನು ಕಂಡು ಕರುಣೆಯಿಂದ ಅಲ್ಲಿಗೆ ಹೋಗುತ್ತದೆ. ಅವರನ್ನು ಎತ್ತಿ ತರಲು ಯತ್ನಿಸುತ್ತದೆ. ಆಗುವುದಿಲ್ಲ. ಮಾಡಿದ ಕರ್ಮವನ್ನು ಅನುಭವಿಸಿಯೇ ತೀರಬೇಕು. ಪ್ರತೀಂದ್ರನು ಮಾಡಬಹುದಾದದ್ದು ಒಂದೇ: ಅವರಿಗೆ ಧರ್ಮವನ್ನು ತಿಳಿಸಿ ಸಮ್ಯಕ್ತ್ವದ ಬೀಜವನ್ನು ಬಿತ್ತುವುದು. ಆ ಬೀಜ ಕಾಲಾಂತರದಲ್ಲಿ ಫಲಿಸಿ, ಮುಂದೊಂದು ಜನ್ಮದಲ್ಲಿ ರಾವಣನ ಜೀವ ತೀರ್ಥಂಕರಪದವಿಗೆ ಏರುವುದೆಂದೂ, ಸೀತೆಯ ಜೀವ ಆ ತೀರ್ಥಂಕರರ ಗಣಧರನಾಗುವುದೆಂದೂ ಪರಂಪರೆ ಹೇಳುತ್ತದೆ.

ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಕುವೆಂಪು ಅವರಲ್ಲಿ ರಾವಣ ಸೀತೆಯ ಮಗುವಾಗುತ್ತಾನೆ. ಪುರಾಣದಲ್ಲಿ ಸೀತೆಯ ಜೀವ ರಾವಣನ ಜೀವಕ್ಕೆ ಶಿಷ್ಯನಾಗುತ್ತದೆ. ಅಲ್ಲಿ ತಾಯಿಯ ಮಡಿಲು ಒಂದು ರಾತ್ರಿಯಲ್ಲಿ ದೊರೆಯುತ್ತದೆ. ಇಲ್ಲಿ ಸಮವಸರಣಕ್ಕೆ ಅಸಂಖ್ಯ ಕಾಲ ನಡೆಯಬೇಕು. ಒಂದರಲ್ಲಿ ಸಾಂತ್ವನ ಹೆಚ್ಚು, ಇನ್ನೊಂದರಲ್ಲಿ ನ್ಯಾಯ ಹೆಚ್ಚು. ಆದರೆ ಯಾವ ಜೀವವೂ ಎಂದೆಂದಿಗೂ ಕೆಟ್ಟದ್ದಾಗಿ ಉಳಿಯಬೇಕಾಗಿಲ್ಲ ಎಂಬ ನಂಬಿಕೆ ಎರಡಕ್ಕೂ ಸಮಾನ. ದುಷ್ಟನನ್ನು ಕೊಂದು ಮುಗಿಸಿದರೆ ಕಥೆ ಮುಗಿಯಿತು ಎನ್ನುವ ರಾಮಾಯಣಗಳಿಂದ ಈ ಎರಡೂ ದೂರ ನಿಲ್ಲುವುದು ಈ ಕಾರಣದಿಂದಲೇ.

ಕಲೆಯನ್ನು ಅಳಿಸುವುದು, ಕಲೆಯನ್ನು ಒಪ್ಪಿಕೊಳ್ಳುವುದು

ನಾಗಚಂದ್ರನಿಗಿಂತ ಕುವೆಂಪು ಒಂದು ಹೆಜ್ಜೆ ಮುಂದೆ ಹೋದ ಸ್ಥಳವೂ ಇದೆ. ಅದನ್ನು ಒಪ್ಪಿಕೊಳ್ಳುವುದರಿಂದ ಪರಂಪರೆಗೆ ಕುಂದೇನೂ ಇಲ್ಲ. ವಾಲಿವಧೆಯ ಪ್ರಸಂಗವನ್ನು ನೋಡಬಹುದು. ಜೈನ ರಾಮಕಥೆಯಲ್ಲಿ ವಾಲಿ ರಾಜ್ಯವನ್ನು ತಮ್ಮನಿಗೆ ಬಿಟ್ಟು ದೀಕ್ಷೆ ವಹಿಸಿ ಮುಕ್ತನಾಗುತ್ತಾನೆ; ರಾಮ ಮರೆಯಲ್ಲಿ ನಿಂತು ಬಾಣಬಿಡುವ ಪ್ರಶ್ನೆಯೇ ಏಳುವುದಿಲ್ಲ. ಧರ್ಮನಾಯಕನಿಗೆ ಅಂಟಿದ ಕಲೆಯನ್ನು ಕವಿಗಳು ಕಥೆಯಿಂದಲೇ ತೆಗೆದುಹಾಕಿದರು. ಕುವೆಂಪು ಕಲೆಯನ್ನು ಉಳಿಸಿಕೊಂಡರು. ಅವರ ರಾಮ ವಾಲಿಯನ್ನು ಕೊಂದದ್ದು ತಪ್ಪೆಂದು ಒಪ್ಪಿಕೊಂಡು ಪಶ್ಚಾತ್ತಾಪಪಡುತ್ತಾನೆ. ಸಾಯುತ್ತಿರುವ ವಾಲಿಯೂ ತಮ್ಮನಿಗೆ ತಾನು ಮಾಡಿದ ಅನ್ಯಾಯವನ್ನು ನೆನೆದು ಕರಗುತ್ತಾನೆ.

ಅಗ್ನಿಪರೀಕ್ಷೆಯಲ್ಲಿಯೂ ಹೀಗೆಯೇ. ಜೈನಕಾವ್ಯದ ಸೀತೆ ಬೆಂಕಿಯನ್ನು ಗೆದ್ದು ಬಂದ ಮೇಲೆ ಪಟ್ಟದ ಅರಸಿಯಾಗಲು ಒಪ್ಪದೆ ಕೇಶಲೋಚ ಮಾಡಿಕೊಂಡು ಆರ್ಯಿಕೆಯಾಗುತ್ತಾಳೆ. ಸಂಶಯದ ಲೋಕಕ್ಕೆ ಅವಳು ಕೊಟ್ಟ ಉತ್ತರ ವೈರಾಗ್ಯ. ಕುವೆಂಪು ಅವರಲ್ಲಿ ಸೀತೆ ಅಗ್ನಿಯನ್ನು ಪ್ರವೇಶಿಸಿದಾಗ ರಾಮನೂ ಪ್ರವೇಶಿಸುತ್ತಾನೆ. ಪರೀಕ್ಷೆ ಹೆಂಡತಿಗೆ ಮಾತ್ರ ಏಕೆ ಎಂಬ ಶತಮಾನಗಳ ಪ್ರಶ್ನೆಗೆ ಅವರು ಮಾತಿನಿಂದ ಉತ್ತರಿಸದೆ ನಡತೆಯಿಂದ ಉತ್ತರಿಸಿದರು. ಶ್ರಾವಕಾಚಾರದಲ್ಲಿ ಆಲೋಚನೆ, ಪ್ರತಿಕ್ರಮಣಗಳಿಗೆ ಇರುವ ಸ್ಥಾನವನ್ನು ಬಲ್ಲವರಿಗೆ ಈ ರಾಮ ಅಪರಿಚಿತನೆನಿಸುವುದಿಲ್ಲ. ಮಾಡಿದ ದೋಷವನ್ನು ಗುರುವಿನ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವುದೇ ಅಲ್ಲವೇ ಆಲೋಚನೆ ಎಂದರೆ?

ಹಾಗೆಂದು ಮಹಾಕಾವ್ಯದಲ್ಲಿ ಕೊರತೆಗಳಿಲ್ಲವೆಂದಲ್ಲ. ಮಹೋಪಮೆಗಳ ಭಾರಕ್ಕೆ ಕಥೆ ಕೆಲವೆಡೆ ಬಳಲುತ್ತದೆ. ಸಂಸ್ಕೃತಪದಗಳ ದಟ್ಟಣೆಯಲ್ಲಿ ಸಾಮಾನ್ಯ ಓದುಗ ದಾರಿ ತಪ್ಪುತ್ತಾನೆ. ಅದಕ್ಕಿಂತ ಮುಖ್ಯವಾದ ಆಕ್ಷೇಪವೆಂದರೆ, ಅಲ್ಲಿ ಪಶ್ಚಾತ್ತಾಪ ಎಷ್ಟು ಬೇಗ ಉದಾತ್ತವಾಗಿಬಿಡುತ್ತದೆಂದರೆ ಪಾಪದಿಂದ ನೊಂದವರ ಲೆಕ್ಕ ಮರೆಯುತ್ತದೆ. ರಾವಣನ ಮನಸ್ಸು ತಿರುಗಿದ ಮೇಲೂ ನಡೆದ ಯುದ್ಧದಲ್ಲಿ ಸತ್ತ ಸಾಮಾನ್ಯ ಸೈನಿಕರಿಗೆ ಆ ಕನಸಿನಿಂದ ಏನು ದೊರೆಯಿತು? ಈ ಪ್ರಶ್ನೆಯನ್ನು ಮಹಾಕಾವ್ಯದ ಎತ್ತರದಿಂದ ಕೇಳಿಸಿಕೊಳ್ಳುವುದು ಕಷ್ಟ.

ಅದನ್ನು ಕೇಳಿಸಿಕೊಂಡದ್ದು ಕಾದಂಬರಿ. ‘ಕಾನೂರು ಹೆಗ್ಗಡಿತಿ’ಯ ಸುಬ್ಬಮ್ಮ ವಯಸ್ಸಾದ ಗೌಡನಿಗೆ ಮೂರನೆಯ ಹೆಂಡತಿಯಾಗಿ ಬಂದವಳು; ಹೊಡೆತವನ್ನೂ ಸಂಶಯವನ್ನೂ ಉಂಡವಳು; ಗಂಡನ ಅನಂತರ ಸೇರೆಗಾರ ರಂಗಪ್ಪಸೆಟ್ಟಿಯ ಸಂಬಂಧಕ್ಕೆ ಬಿದ್ದವಳು. ಹೂವಯ್ಯನ ಪ್ರಭಾವದಿಂದ ಅವಳ ಮನಸ್ಸು ತಿಳಿಯಾಗತೊಡಗುತ್ತದೆ. ಮಹಾಕಾವ್ಯದಲ್ಲಾಗಿದ್ದರೆ ಇಷ್ಟಕ್ಕೆ ಆಕಾಶ ತೆರೆಯುತ್ತಿತ್ತು. ಆದರೆ ಹಿಂದಿನ ದಿನಗಳ ಫಲ ಗರ್ಭದಲ್ಲಿ ಬೆಳೆಯುತ್ತಿರುತ್ತದೆ. ಅದನ್ನು ಲೋಕದಿಂದ ಮುಚ್ಚಿಕೊಳ್ಳಲು ಹೋಗಿ ಅವಳು ಸಾಯುತ್ತಾಳೆ. ಮನಸ್ಸು ಬದಲಾಯಿತೆಂದು ಕಟ್ಟಿದ ಕರ್ಮ ತನ್ನ ಉದಯವನ್ನು ನಿಲ್ಲಿಸಲಿಲ್ಲ. ಕೃಪೆಯನ್ನು ನಂಬಿದ ಕವಿ, ಮಲೆನಾಡಿನ ಮನೆಯೊಂದರ ಕಥೆಯನ್ನು ಕಂಡಂತೆ ಬರೆಯಹೊರಟಾಗ ಕರ್ಮಸಿದ್ಧಾಂತಕ್ಕೆ ಇಷ್ಟು ಹತ್ತಿರ ಬಂದರು. ಸುಬ್ಬಮ್ಮನ ಪಾಪದಲ್ಲಿ ಅವಳದಷ್ಟ್ಟೇ ಪಾಲು ಅವಳನ್ನು ಆ ಮನೆಗೆ ತಂದವರದು, ಅವಳನ್ನು ಹೊಡೆದವರದು, ನೋಡಿ ಸುಮ್ಮನಿದ್ದವರದು ಎಂಬುದನ್ನೂ ಕಾದಂಬರಿ ಮರೆಯುವುದಿಲ್ಲ. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು – ಕೃತ, ಕಾರಿತ, ಅನುಮೋದನೆಗಳೆಂದು ಶಾಸ್ತ್ರ ಹೇಳುವ ಮೂರೂ ಅಲ್ಲಿ ಪಾತ್ರಗಳಾಗಿ ನಿಂತಿವೆ.

ಗೆದ್ದ ಮೇಲೆ ಹಿಂತಿರುಗಿಸುವೆನೆಂಬ ಮಾತು

ನಾಗಚಂದ್ರ, ಕುವೆಂಪು ಇಬ್ಬರಲ್ಲಿಯೂ ರಾವಣನನ್ನು ಕೆಡಿಸಿದ ಮಾತು ಒಂದೇ: ಮೊದಲು ಗೆಲ್ಲುವೆ, ಆಮೇಲೆ ಕೊಡುವೆ. ಈ ಮಾತು ಲಂಕೆಯಲ್ಲಿ ಮಾತ್ರ ಕೇಳುವಂಥದಲ್ಲ. ದಶಲಕ್ಷಣಪರ್ವದ ಮೊದಲ ದಿನ ಉತ್ತಮಕ್ಷಮೆಯ ವ್ಯಾಖ್ಯಾನವನ್ನು ಭಕ್ತಿಯಿಂದ ಕೇಳಿ, ಪರ್ವದ ಕೊನೆಗೆ ಕ್ಷಮಾವಣಿಯ ಪತ್ರಗಳನ್ನು ನೂರಾರು ಮಂದಿಗೆ ಕಳುಹಿಸುವವರ ಮನೆಗಳಲ್ಲಿಯೂ, ಒಡಹುಟ್ಟಿದವನಿಗೆ ಸಲ್ಲಬೇಕಾದ ಪಾಲಿನ ದಾವೆ ನ್ಯಾಯಾಲಯದಲ್ಲಿ ನಡೆಯುತ್ತಿರುತ್ತದೆ. ಬಸದಿಯ ಆಡಳಿತದ ವಿಷಯದಲ್ಲಿ ಎರಡು ಪಕ್ಷಗಳಾಗಿ, ಒಂದೇ ಮೂರ್ತಿಯ ಮುಂದೆ ಬೇರೆ ಬೇರೆ ಹೊತ್ತಿಗೆ ಕೈಮುಗಿಯುವ ಸಂದರ್ಭಗಳೂ ಇವೆ. ತಪ್ಪು ಎಲ್ಲಿದೆ ಎಂದು ಅಂತರಂಗಕ್ಕೆ ತಿಳಿದಿರುತ್ತದೆ. ರಾಜಿಯಾಗಬೇಕೆಂಬ ಮನಸ್ಸೂ ಇರುತ್ತದೆ. ಆದರೆ ತೀರ್ಪು ಮೊದಲು ತಮ್ಮ ಕಡೆಗೆ ಬರಲಿ, ಅನಂತರ ದೊಡ್ಡ ಮನಸ್ಸು ತೋರಿಸೋಣ ಎಂಬ ಆಸೆ ಬಿಡುವುದಿಲ್ಲ. ನೋಯಿಸದವರಿಂದ ಕ್ಷಮೆ ಕೇಳುವುದು ಸುಲಭ. ನೋಯಿಸಿದವನ ಬಾಗಿಲಿಗೆ ಗೆಲ್ಲುವ ಮೊದಲೇ ಹೋಗುವುದು ಕಷ್ಟ. ರಾವಣನಿಗೆ ಸಾಧ್ಯವಾಗದಿದ್ದುದು ಆ ಎರಡನೆಯದು. ಬಹುರೂಪಿಣೀ ವಿದ್ಯೆ ಸಿದ್ಧಿಸಿದವನಿಗೆ, ಸೋತವನ ರೂಪವೊಂದನ್ನು ಮಾತ್ರ ಧರಿಸಲಾಗಲಿಲ್ಲ.

ಆದ್ದರಿಂದ ಕುವೆಂಪು ಅವರನ್ನು ‘ನಮ್ಮವರು’ ಎಂದು ಹೇಳಿಕೊಳ್ಳುವುದಕ್ಕಿಂತ ಅವರನ್ನು ನಾಗಚಂದ್ರನ ಪಕ್ಕದಲ್ಲಿಟ್ಟು ಓದುವುದು ಲಾಭಕರ. ಅವರು ಜೈನದರ್ಶನವನ್ನು ಪ್ರತಿಪಾದಿಸಿದವರಲ್ಲ. ಪ್ರತಿಪಾದಿಸಿದರೆಂದು ಹೇಳುವುದು ಅವರಿಗೂ ದರ್ಶನಕ್ಕೂ ಮಾಡುವ ಅಪಚಾರ. ಜೈನಕವಿಯೊಬ್ಬ ಎಂಟುನೂರು ವರ್ಷಗಳ ಹಿಂದೆ ಎತ್ತಿದ ಪ್ರಶ್ನೆಯನ್ನು ಕೈಗೆತ್ತಿಕೊಂಡು, ತಮ್ಮ ಶ್ರದ್ಧೆಗೆ ತಕ್ಕಂತೆ ಉತ್ತರಿಸಿದವರು ಅವರು. ಒಂದೇ ವಸ್ತುವನ್ನು ಬೇರೆ ಬೇರೆ ನಯಗಳಿಂದ ನೋಡಬಹುದೆಂದು ಬೋಧಿಸುವ ಅನೇಕಾಂತಕ್ಕೆ ಇಂಥ ಉತ್ತರದಿಂದ ಭಯವಿಲ್ಲ.

ಬಸದಿಗಳ ಗ್ರಂಥಭಂಡಾರಗಳಲ್ಲಿ ಪಂಪರಾಮಾಯಣ, ಯಶೋಧರ ಚರಿತೆಗಳ ಜೊತೆಗೆ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನೂ ಈ ಎರಡು ಕಾದಂಬರಿಗಳನ್ನೂ ಇಡುವುದು ಉಚಿತ. ಬೆಳೆದ ಮಕ್ಕಳು ಅವುಗಳನ್ನು ಓದಲಿ. ಬೇಟೆಯ ಪುಟಗಳು ಬಂದಾಗ ಹಿರಿಯರು ಪುಸ್ತಕ ಮುಚ್ಚಿಸದೆ, ಹಿಟ್ಟಿನ ಕೋಳಿಯ ಕಥೆಯನ್ನು ನೆನಪಿಸಲಿ. ಸ್ವಾಧ್ಯಾಯದ ದಿನಗಳಲ್ಲಿ ಎರಡೂ ರಾವಣರ ಪ್ರಸಂಗಗಳನ್ನು ಒಂದೇ ಕುಳಿತದಲ್ಲಿ ಓದಿಸಿದರೆ, ಪಶ್ಚಾತ್ತಾಪಕ್ಕೂ ಕರ್ಮಫಲಕ್ಕೂ ಇರುವ ಸಂಬಂಧವನ್ನು ಯಾವ ಉಪನ್ಯಾಸಕ್ಕಿಂತಲೂ ಸ್ಪಷ್ಟವಾಗಿ ಶ್ರೋತೃಗಳು ತಾವೇ ಕಂಡುಕೊಳ್ಳಬಲ್ಲರು. ಕರ್ಮಫಲ ತಪ್ಪುವುದಿಲ್ಲವೆಂಬ ತಿಳಿವಳಿಕೆ ಪಶ್ಚಾತ್ತಾಪವನ್ನು ನಿರರ್ಥಕಗೊಳಿಸುವುದಿಲ್ಲ. ಹಳೆಯದು ತೀರುತ್ತಿರುವಾಗ ಹೊಸದು ಸೇರದಂತೆ ತಡೆಯುವ ಸಂವರದ ಬಾಗಿಲು ಅದೇ. ರಾವಣನು ಯುದ್ಧಕ್ಕೆ ಹೋಗುವ ಮೊದಲು ಸೀತೆಯನ್ನು ಒಪ್ಪಿಸಿದ್ದರೆ ಹಿಂದಿನ ಕರ್ಮ ಅವನನ್ನು ಬಿಡುತ್ತಿರಲಿಲ್ಲ. ಆದರೆ ಆ ಒಂದು ಯುದ್ಧದ ಕರ್ಮ ಹೊಸದಾಗಿ ಸೇರುತ್ತಿರಲಿಲ್ಲ.